ಬಾಡಿಗೆ ಪಿಚ್ಚರ್, ಖರೀದಿ ಪಿಚ್ಚರ್

ಹಿರೇಕೆರೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟ ಮೇಲೆ ನಗೋದಕ್ಕೆ ನಾನು ಬೇರೆ ಕಡೆ ಹೋಗಬೇಕಾಗಿಲ್ಲ, ಗಿರಾಕಿಗಳೇ ಹೊತ್ತು ತರುತ್ತಾರೆ. ಆದರೆ ಮಾಸೂರಿನ ಟೇಲರ್ ಕಾಕಾ ತಂದ ನಗು ಮಾತ್ರ ಮನೆಗೆ ಹೋದ ಮೇಲೂ ಗಂಟಲಲ್ಲೇ ಉಳಿಯುತ್ತಿತ್ತು.

೧. ನಿಂತ ಪಿಚ್ಚರ್

ಕಾಕಾನ ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಬಹಳ ಹಿಂದೆ ಮದಗದ ಕೆರೆ ದಂಡೆಯಲ್ಲಿ ಒಂದು ಸಿನಿಮಾದ ಶೂಟಿಂಗ್ ಆದಾಗ, ಕೊಡ ಹೊತ್ತು ನಡೆಯುವ ಹೆಂಗಸರಲ್ಲಿ ತಾನೂ ಇದ್ದೆ ಅಂತ ಆಕೆ ಹಾಸಿಗೆ ಹಿಡಿದಾಗ ಹೇಳಿದ್ದಳಂತೆ. ಆಕೆ ಓಡಾಡುವ ಒಂದು ವಿಡಿಯೋ ಕೂಡ ಮನೆಯಲ್ಲಿರಲಿಲ್ಲ. ನಾನು ಆ ಪಿಚ್ಚರ್ ಆನ್‌ಲೈನಿನಲ್ಲಿ ಹುಡುಕಿ, ಕಾಕಾನ ಫೋನಿಗೆ ಬಾಡಿಗೆಗೆ ಹಾಕಿಕೊಟ್ಟೆ. ನೋಡಲು ಶುರು ಮಾಡಿದರೆ ಎರಡೇ ದಿನ ಇರುತ್ತದೆ ಅಂತಲೂ ಹೇಳಿದೆ. ಅಂಗಡಿಯಲ್ಲೇ ಕೂತು ನೋಡಿದರು. ಹೆಂಗಸರು ದೂರದಲ್ಲಿ ನಡೆದು ಹೋಗುತ್ತಿದ್ದರು, ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಕಾಕಾ ಎಲ್ಲರಿಗಿಂತ ಮುಂದಿದ್ದವಳ ಮೇಲೆ ಬೆರಳಿಟ್ಟು, “ಈಕಿನ. ಆ ಜಂಪರ ನಾನ ಹೊಲದದ್ದು” ಅಂದರು.

ಮೂರನೇ ದಿನ ಮತ್ತೆ ಬಂದರು. ಪಿಚ್ಚರ್ ಹೋಗಿಬಿಟ್ಟಿತ್ತು. ಗಡುವು ಮುಗಿಯಿತು ಅಂದರೆ ಒಪ್ಪಲೊಲ್ಲರು. ಆಕೆ ಬಂದ ಜಾಗದಲ್ಲಿ ನಿಲ್ಲಿಸಿ, ಫೋನನ್ನು ಹೊಲಿಗೆ ಮಶೀನಿಗೆ ಆನಿಸಿ ಇಟ್ಟಿದ್ದರಂತೆ, ಮುಂದಕ್ಕೆ ಬಿಟ್ಟೇ ಇರಲಿಲ್ಲವಂತೆ.

“ಪಿಚ್ಚರ ನಿಂತ ಮ್ಯಾಲ ಟೈಮ್ ಹೆಂಗ ಓಡ್ತೈತಿ, ಯವ್ವಾ?”

೨. ಉತಾರ

ಹಾಗಾದರೆ ಖರೀದಿನೇ ಮಾಡೋಣ ಅಂದರು. ಮಾಡಿಕೊಟ್ಟೆ. ಆಮೇಲೂ ಕಾಕಾ ಎದ್ದು ಹೋಗಲಿಲ್ಲ. ಹೊಲ ಕೊಂಡರೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬರುತ್ತದೆ, ಇದರ ಉತಾರ ಎಲ್ಲಿ ಅಂತ ಕೇಳಿದರು. ಅಂಥದ್ದೇನೂ ಇಲ್ಲ, ಮಾರಿದವರ ಹಕ್ಕು ಮುಗಿದರೆ ಖರೀದಿ ಮಾಡಿದ್ದು ಸಹ ಒಂದು ದಿನ ಹೋಗಬಹುದು ಅಂತ ನಾನು ಇದ್ದದ್ದನ್ನು ಹೇಳಿದೆ. ಕಾಕಾ ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದರು.

“ಹಂಗಾರ ಎರಡೂ ಬಾಡಿಗಿನ ಬಿಡು. ಒಂದು ಸಣ್ಣದು, ಒಂದು ದೊಡ್ಡದು.”

೩. ತಡಸದ ನಾದಿನಿ

ಹೆಂಡತಿಯ ತಂಗಿಯನ್ನು ತಡಸಕ್ಕೆ ಕೊಟ್ಟಿದ್ದರು. ಆಕೆಗೂ ಇದನ್ನು ಕಳಿಸಿಕೊಡು ಅಂತ ಕಾಕಾ ಬಂದರು. ಈ ಪಿಚ್ಚರ್ ನಿಮ್ಮ ಫೋನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಅಂದೆ. ಅದಕ್ಕೆ ಫೋನನ್ನು ಜೇಬಿನಲ್ಲಿಟ್ಟುಕೊಂಡು ತಾವೇ ಬಸ್ಸು ಹತ್ತಿದರು.

ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ನಾದಿನಿ ನೋಡಿದಳು, ಮೊದಲು ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು.

“ಮಾಮಾ, ಮುಂದ ಇರಾಕಿ ನಾನು. ಆವತ್ತು ಅಕ್ಕನ ಜಂಪರ ಹಾಕ್ಕೊಂಡಿದ್ದೆ. ಅಕ್ಕ ನನ್ನ ಹಿಂದ ಅದಾಳ ನೋಡ್ರಿ.”

ಹಿಂದಿದ್ದವಳು ಮುಖದ ತುಂಬ ಸೆರಗು ಎಳೆದುಕೊಂಡಿದ್ದಳು. ಶೂಟಿಂಗ್ ಕಡೆ ಕಾಲಿಟ್ಟರೆ ನೋಡು ಅಂತ ಕಾಕಾ ಅವತ್ತು ಗದರಿಸಿದ್ದರು. ಆಕೆ ಕದ್ದು ಹೋಗಿದ್ದಳು. ನಾಳೆ ಪಿಚ್ಚರ್ ಬಂದಾಗ ಗಂಡ ಗುರುತು ಹಿಡಿದರೆ ಅಂತ ಹೆದರಿ ಮುಖ ಮುಚ್ಚಿಕೊಂಡಿದ್ದಳು.

ಕಾಕಾ ನಾದಿನಿಯನ್ನು ಕೇಳಿದರಂತೆ: “ಹಂಗಾರ ದಿನಾ ಮುಂಜಾನೆ ಎದ್ದು ಈ ಫೋನ್ ನೋಡಿ ನಾ ಚಾ ಆತೇನು ಅಂತ ಕೇಳ್ತಿದ್ದದ್ದು ನಿನಗೇನ?”

೪. ಸೆರಗು

ತಡಸದಿಂದ ನೇರವಾಗಿ ನನ್ನ ಅಂಗಡಿಗೇ ಬಂದಿದ್ದರು. ರೀಚಾರ್ಜ್ ಮಾಡಿಸಲು ಬಂದ ನಾಲ್ಕಾರು ಜನ ನಿಂತಿದ್ದರು. ಅವರೆಲ್ಲ ಹೋಗುವವರೆಗೂ ಕಾಕಾ ಬಾಗಿಲ ಹತ್ತಿರ ಕಾದರು. ಹಿಂದಿನವಳನ್ನು ದೊಡ್ಡದು ಮಾಡಿ ತೋರಿಸು ಅಂದರು. ಎರಡು ಬೆರಳಿಂದ ಹಿಗ್ಗಿಸಿದೆ. ಗಾಜಿನ ತುಂಬ ಹಸಿರು ಸೆರಗೊಂದೇ ಕಂಡಿತು. ಅದನ್ನೇ ನೋಡುತ್ತ ಕೂತರು. ಆಮೇಲೆ ಫೋನನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

“ಖರೀದಿ ಮಾಡೇನಲ್ಲ, ಯವ್ವಾ. ಆ ಸೆರಗ ಒಂದೀಟ ಸರಸಾಕ ಬರ್ತೈತೇನ ನೋಡು. ನಾ ಏನೂ ಅನ್ನಂಗಿಲ್ಲ ಅಂತ ಹೇಳು ಆಕಿಗೆ.”