ಹೆಸರಿಗಾಗಿ ಕಾದಿರುವ ಕೂಸಿನ ಪರವಾಗಿ, ತೊಂಬತ್ತೇಳನೆಯ ನಂಬರಿನ ಅಂಗಿಯವರಿಗೆ

ನಮ್ಮ ಸರೋವರತೀರದ ಅಮೆರಿಕನ್ ಫುಟ್‌ಬಾಲ್ ತಂಡದ ರಕ್ಷಣಾ ಸಾಲಿಗೆ ಈ ವರ್ಷವಷ್ಟೇ ಬಂದಿಳಿದ, ಮುನ್ನೂರಿಪ್ಪತ್ತೈದು ಪೌಂಡು ತೂಕದ ಶ್ರೀ ಸಿಯೊನೆ ಲಟುಹೆಲೊ ಅವರ ದಿವ್ಯ ಸನ್ನಿಧಿಗೆ, ಇಪ್ಪತ್ತೆರಡನೆಯ ಸಾಲಿನ ಸೀಟಿನಿಂದ ಅರ್ಲೀನ್ ನೊವಾಟ್ಕಾ ಎಂಬ ಅಜ್ಜಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. (ಕೂತಲ್ಲಿಂದಲೇ, ಮಂಡಿ ಬಗ್ಗುವುದಿಲ್ಲ.)

ಮಾನ್ಯರೇ,

ಹೊಸ ಆಟಗಾರರ ಆಯ್ಕೆಯಲ್ಲಿ ನಮ್ಮ ತಂಡ ತಮ್ಮನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಸಂಜೆ ನನ್ನ ಮಗ ಡ್ವೇನ್ ಬಿಯರ್ ಲೋಟ ಎತ್ತಿ, ಬಸುರಿ ಹೆಂಡತಿ ಮೆಲಿಂಡಾಳ ಎದುರಿಗೇ, "ಈ ಹುಡುಗ ಚೆಂಡೆಸೆಯೋ ಎದುರಾಳಿ ಕ್ವಾರ್ಟರ್‌ಬ್ಯಾಕನ್ನ ಕೆಡವಿದ ದಿನವೇ ನನ್ನ ಮಗನಿಗೆ ಅವನ ಹೆಸರು! ಅಲ್ಲೀವರೆಗೂ ಹೆಸರೇ ಇಲ್ಲ!" ಎಂದು ಭೀಷ್ಮಪ್ರತಿಜ್ಞೆ ಮಾಡಿದ. ಮೊದಲ ಪಂದ್ಯದಲ್ಲೇ ಆಗಿಹೋಗುವ ಕೆಲಸವೆಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಈಗ ಪಂದ್ಯ ಒಂಬತ್ತಾಯಿತು, ಮಗುವಿಗೆ ಏಳು ವಾರವಾಯಿತು, ಪಾದ್ರಿಗಳು ದೀಕ್ಷಾಸ್ನಾನವನ್ನು ಮೂರು ಸಲ ಮುಂದೂಡಿದರು. ಮನೆಯವರೆಲ್ಲ ಕೂಸನ್ನು "ತೊಂಬತ್ತೇಳು" ಎಂದು ಕರೆಯುತ್ತಿದ್ದಾರೆ. ಅಯ್ಯೋ, ಅದು ತಿರುಗಿಯೂ ನೋಡುತ್ತಿದೆ!

ತಮ್ಮ ಸಾಧನೆ ಕಡಿಮೆಯದೆಂದು ನಾನು ಹೇಳಲಾರೆ. ಹಿರಿಯ ಆಟಗಾರರಿಗೆ ಬೆಳಿಗ್ಗೆ ಡೋನಟ್ ತಂದುಕೊಡುವುದರಲ್ಲಿ, ಅವರ ಹೆಲ್ಮೆಟ್ಟು ಹೊರುವುದರಲ್ಲಿ ತಮ್ಮಂಥ ಹೊಸಬರು ಇನ್ನೊಬ್ಬರಿಲ್ಲವೆಂದು ಪತ್ರಿಕೆಯಲ್ಲೇ ಬಂದಿದೆ. ಆದರೆ ಸ್ವಾಮೀ, ಚೆಂಡೆಸೆಯುವ ಆ ಕ್ವಾರ್ಟರ್‌ಬ್ಯಾಕ್ ತಮ್ಮ ಮುಂದೆ ಕಡ್ಡಿಪೈಲ್ವಾನ್! ಬೇಕೆಂದೇ ಕೆಡವಬೇಕಾಗಿಲ್ಲ, ಕಾಲು ಜಾರಿ ಅವರ ಮೇಲೆ ಬೀಳಬಹುದು, ಹತ್ತಿರ ನಿಂತು ಜೋರಾಗಿ ಸೀನಬಹುದು, ಇಲ್ಲವೇ ಮಗುವಿನ ಫೋಟೋ ತೋರಿಸಿ, ಒಂದು ನಿಮಿಷ ನೆಲದ ಮೇಲೆ ಕೂತು ಉಪಕಾರ ಮಾಡಿರೆಂದು ಬೇಡಿಕೊಳ್ಳಬಹುದು.

ದೂರನ್ನು ಇಲ್ಲಿಗೇ ಮುಗಿಸಿ ಅಂಚೆಗೆ ಹಾಕುವವಳಿದ್ದೆ. ಕಳೆದ ಭಾನುವಾರ ಮಾತ್ರ, ಚೆಂಡಿನ ಗೊಡವೆ ಬಿಟ್ಟು ತಮ್ಮನ್ನೇ ದುರ್ಬೀನಿನಲ್ಲಿ ನೋಡುತ್ತ ಕುಳಿತೆ. ಪ್ರತಿ ಸಲವೂ ಎದುರಾಳಿ ತಂಡದ ಇಬ್ಬರು ದಢೂತಿಗಳು ತಮ್ಮ ಮೇಲೆ ಬೀಳುತ್ತಾರೆ, ತಾವು ಇಬ್ಬರನ್ನೂ ತಡೆದು ನಿಲ್ಲುತ್ತೀರಿ, ತೆರವಾದ ಜಾಗದಲ್ಲಿ ತಮ್ಮ ಪಕ್ಕದ ನಮ್ಮವರು ನುಗ್ಗಿ ಕ್ವಾರ್ಟರ್‌ಬ್ಯಾಕನ್ನು ಕೆಡವಿ ಕುಣಿಯುತ್ತಾರೆ. ತಾವು ಹೆಲ್ಮೆಟ್ಟಿಗೆ ಸಿಕ್ಕ ಹುಲ್ಲು ಕಿತ್ತೆಸೆದು ಮತ್ತೆ ಬಗ್ಗುತ್ತೀರಿ. ನನಗೆ ಅಳುವೇ ಬಂತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಡ್ವೇನ್, "ಏಯ್ ಲಟುಹೆಲೊ, ಏಳೋ ಮೇಲೆ! ನಿದ್ದೆ ಮಾಡೋಕೆ ಬಂದಿದೀಯಾ?" ಎಂದು ಅರಚಿದ. ಕೈಗವಸಿನಲ್ಲೇ ಅವನ ಬೆನ್ನಿಗೊಂದು ಬಿಟ್ಟು, "ಇಬ್ಬರನ್ನ ಒಬ್ಬನೇ ತಡ್ಕೊಂಡಿರೋದು ಕಾಣಿಸಲ್ವೇನೋ?" ಎಂದೆ. "ಹಾಗಾದ್ರೆ ಅಂಕಿಪಟ್ಟೀಲಿ ಯಾಕಮ್ಮ ಬರಲ್ಲ?" ಎಂದ. "ಮೆಲಿಂಡಾ ಏಳು ವಾರದಿಂದ ನಿದ್ದೆಗೆಟ್ಟು ಮಗು ಎತ್ಕೊಂಡಿರೋದು ಯಾವ ಪಟ್ಟೀಲಿ ಬಂದಿದೆಯೋ?" ಎಂದೆ. ಡ್ವೇನ್ ಕೂತಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿ, "ಬರೋ ಭಾನುವಾರವೇ ಹೆಸರಿಟ್ಟುಬಿಡೋಣ ಕಣೇ" ಎಂದ.

ಆದ್ದರಿಂದ ದೂರು ವಾಪಸ್. ಭಾನುವಾರ ಬೆಳಿಗ್ಗೆ, ತಾವು ಇನ್ನೂ ಯಾರನ್ನೂ ಕೆಡವದಿರುವಾಗಲೇ, ನನ್ನ ಮೊಮ್ಮಗ ಸಿಯೊನೆ ನೊವಾಟ್ಕಾ ಆಗುತ್ತಾನೆ. ನನಗಂತೂ ಹಿಗ್ಗೋ ಹಿಗ್ಗು.

ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿರುವ ತಮ್ಮ ವಿಶ್ವಾಸಿ,
ಅರ್ಲೀನ್ ನೊವಾಟ್ಕಾ

ತಾ.ಕ.: ತಂಡ ಬಿಟ್ಟು ಪಕ್ಕದ ರಾಜ್ಯದವರನ್ನು ಸೇರಿಕೊಂಡ ಆಟಗಾರರ ಅಂಗಿಯನ್ನು ಅಂಗಳದಲ್ಲಿ ಸುಡುವುದು ನಮ್ಮ ಬೀದಿಯ ವಾಡಿಕೆ. ತಾವೂ ಹಾಗೆ ಹೋಗುವ ಯೋಚನೆಯಲ್ಲಿದ್ದರೆ, ಮಗುವನ್ನು ಏನು ಮಾಡಬೇಕೆಂದು ಭಾನುವಾರದೊಳಗೆ ತಿಳಿಸತಕ್ಕದ್ದು.