ಗುರುಗ್ರಹದ ಬಣ್ಣವೂ ನನ್ನ ನಾಲಿಗೆಯೂ

ಸಮಾಜ ವಿಜ್ಞಾನವೂ ವಿಜ್ಞಾನವೇ ತಾನೇ? ಮದ್ದೂರಿನ ಹೈಸ್ಕೂಲಿನಲ್ಲಿ ಅದನ್ನು ಪಾಠ ಮಾಡಿ ನಿವೃತ್ತನಾದ ನನಗೆ, ಮಗಳ ಸಂಶೋಧನೆಯನ್ನು ನಾಲ್ಕು ಜನರಿಗೆ ವಿವರಿಸುವುದು ಎಷ್ಟರ ಕೆಲಸ!

ಮಗಳು ಸುಮಾಳದು ಗುರುಗ್ರಹದ ಸಂಶೋಧನೆ. ಆ ಗ್ರಹವನ್ನು ಸುತ್ತುತ್ತಿರುವ ನೌಕೆಯೊಂದು ಅದರ ಧ್ರುವಗಳಲ್ಲಿ ಹೊಳೆಯುವ ಬೆಳಕಿನ ಚಿತ್ರ ಕಳಿಸುತ್ತದೆ. ನೇರಳಾತೀತ ಬೆಳಕು, ನಮ್ಮ ಕಣ್ಣಿಗೆ ಕಾಣದ್ದು. ಬಸರಾಳಿನವರು ಹೆಣ್ಣು ನೋಡಲು ಬರುತ್ತಾರೆಂದು ನಾನು ಅಂಥದ್ದೊಂದು ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತುಹಾಕಿದೆ.

ಈ ಹುಡುಗ ಸುಮಾಗೆ ಹಿಡಿಸಿದ್ದ. ಮಳವಳ್ಳಿಯಲ್ಲಿ ದನದ ಡಾಕ್ಟರು. ಹಿಂದೆ ಬಂದವರೆಲ್ಲ ಅಡುಗೆ ಬರುತ್ತಾ ಎಂದು ಕೇಳಿ ಹೋಗಿದ್ದರೆ, ಇವನು ಫೋನಿನಲ್ಲಿ ಅವಳ ಕೆಲಸದ ಬಗ್ಗೆ ಕೇಳಿದ್ದನಂತೆ. ಈ ಸಂಬಂಧ ತಪ್ಪಬಾರದು ಎಂದು ಮನೆಯವರೆಲ್ಲ ದೇವರಿಗೆ ಕೈಮುಗಿದಿದ್ದೆವು.

"ಅಪ್ಪಾ, ನೀನು ಮಾತ್ರ ಏನೂ ವಿವರಿಸೋಕೆ ಹೋಗ್ಬೇಡ," ಎಂದಳು ಮಗಳು.

"ಬಾಯಿಗೊಂದು ವಡೆ ಇಟ್ಕೊಂಡು ಸುಮ್ನೆ ಕುಂತ್ಕಳಿ," ಎಂದಳು ಹೆಂಡತಿ ಜಯಮ್ಮ.

ವಡೆ ಬೇಗ ಮುಗಿದುಹೋಯಿತು!

ಹುಡುಗನ ತಾಯಿ ಪುಟ್ಟತಾಯಮ್ಮ ಗೋಡೆ ನೋಡಿದರು. "ಇದೇನ್ ಮೇಷ್ಟ್ರೇ, ಇಷ್ಟ್ ಚೆಂದಾಗದೆ?"

"ಗುರುಗ್ರಹದ ನೆತ್ತಿ ಮೇಲಿನ ಬೆಳಕು ಕಣ್ರಮ್ಮ!"

"ನಮ್ ಉಡ್ಗುಂಗೆ ಗುರುಬಲ ಬಂದದೆ ಅಂತ ಜೋಯಿಸ್ರು ಯೋಳವ್ರೆ. ಅದು ಇದೇಯಾ?"

"ಇದೇ!" ಎಂದುಬಿಟ್ಟೆ. ಅಡುಗೆಮನೆಯಿಂದ ಮಗಳ ಕೆಮ್ಮು ಕೇಳಿಸಿತು.

"ಈ ನೀಲಿ, ಕೆಂಪು, ಎಲ್ಲಾ ಗುರೂದೇ ಬಣ್ವಾ?"

ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು. "ಅಲ್ಲ ಕಣ್ರಮ್ಮ, ಬಣ್ಣ ನಿಜವಲ್ಲ. ಬರಿಗಣ್ಣಿಗೆ ಅಲ್ಲೇನೂ ಕಾಣೋದೇ ಇಲ್ಲ. ನಮ್ಮ ಸುಮಾ ಕಂಪ್ಯೂಟರಲ್ಲಿ ಬಣ್ಣ ಹಾಕ್ತಾಳೆ. ಅದ್ರಲ್ಲಿ ಅವಳದು ಎತ್ತಿದ ಕೈ!"

ಪುಟ್ಟತಾಯಮ್ಮ ಬ್ಯಾಗಿನಿಂದ ನಾವು ಕಳಿಸಿದ್ದ ಸುಮಾಳ ಫೋಟೋ ತೆಗೆದರು. "ಅಂಗಾರೆ ಈ ಫೋಟೋನೂವೆ...?"

"ಛೆ ಛೆ! ಅದಕ್ಕೆ ಸುಮಾ ಬಣ್ಣ ಹಾಕಿಲ್ಲಮ್ಮ," ಎಂದೆ ಗಾಬರಿಯಿಂದ. "ಸ್ಟುಡಿಯೋದವನು ಹಾಕಿದ್ದು. ನಾನೇ ಹೇಳಿ ಹಾಕ್ಸಿದ್ದು!"

ಜಯಮ್ಮ ಹಣೆ ಚಚ್ಚಿಕೊಂಡಳು. ಮಗಳು ಮೆಚ್ಚಿದ ಸಂಬಂಧವನ್ನು ನನ್ನ ಹಾಳು ನಾಲಿಗೆ ಕೆಡಿಸಿತಲ್ಲ ಎಂದು ಅಳುವೇ ಬಂತು.

ಅಷ್ಟರಲ್ಲಿ ಸುಮಾ ಕಾಫಿ ಹಿಡಿದು ತಾನೇ ಬಂದು ಪುಟ್ಟತಾಯಮ್ಮನವರ ಮುಂದೆ ನಿಂತಳು. "ಅಮ್ಮಾ, ಬೆಳಕು ನಿಜ್ವಾಗ್ಲೂ ಅದೆ. ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅಂತ ನಮ್ ಕಣ್ಣಿಗೆ ತಿಳೀಲಿ ಅಂತ ಬಣ್ಣ ಕೊಡ್ತೀವಿ, ಅಷ್ಟೆ. ಇನ್ನು ನನ್ ಬಣ್ಣ, ನೋಡಿ, ಇದೇ."

ಪುಟ್ಟತಾಯಮ್ಮ ಅವಳನ್ನು ನೋಡಿದರು, ಫೋಟೋ ನೋಡಿದರು. "ಅಯ್ಯೋ ನನ್ ಕಂದ, ಇದ್ಕಿಂತ ನೀನೇ ಚೆಂದಾಗಿದ್ದೀಯಲ್ಲವ್ವಾ!" ಎಂದು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹುಡುಗ ಆಗಲೇ ಎದ್ದು ಹೋಗಿ ಗೋಡೆಯ ಚಿತ್ರವನ್ನು ಹತ್ತಿರದಿಂದ ನೋಡುತ್ತಿದ್ದ.

ಒಪ್ಪಿಗೆಯಾಯಿತು. ಹೊರಡುವಾಗ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತರು. "ಮೇಷ್ಟ್ರೇ, ನಮ್ದು ಒಂದೇ ಒಂದು ಬೇಡ್ಕೆ ಅದೆ."

ವರದಕ್ಷಿಣೆಯೇ ಇರಬೇಕೆಂದು ಮನಸ್ಸಿನಲ್ಲೇ ಪೆನ್ಷನ್ ಲೆಕ್ಕ ಹಾಕಿದೆ. "ಏನಮ್ಮ ಅದು?"

"ಮದ್ವೇಲಿ ನಿಮ್ ಕೈಗೆ ಮೈಕ್ ಕೊಡ್ಬಾರ್ದು."

ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ ಒಪ್ಪಿಕೊಂಡುಬಿಟ್ಟಳು!