ಶರಾವತಿಯ ತಳದಲ್ಲೊಂದು ದೋಣಿ ರಿಪೇರಿ

ನೀರು ಹೆದರಿ ಹಿಂದೆ ಸರಿಯುವುದನ್ನು ವಾಮನ ಮೇಸ್ತ ಅವತ್ತೇ ಮೊದಲು ಕಂಡದ್ದು. ಹೊನ್ನಾವರದ ಹೊಳೆದಂಡೆಯಲ್ಲಿ ಅವನ ಹೆಂಡತಿಯ ಅಣ್ಣ ಪುರುಷೋತ್ತಮ, ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆಯನ್ನು ತುಂಬಿದ ಬಕೆಟ್ಟಿನೊಳಗೆ ಇಳಿಸಿ ಗುಂಡಿ ತಿರುಗಿಸಿದ. ನೀರು ಸದ್ದಿಲ್ಲದೆ ಬಕೆಟ್ಟಿನ ಸುತ್ತಲ ಗೋಡೆ ಹತ್ತಿ ನಿಂತಿತು. ನಡುವೆ ಪೆಟ್ಟಿಗೆ ಬೆಚ್ಚಗೆ ಒಣಗಿ ಕುಳಿತಿತ್ತು.

“ಇದು ಜಲವಿಮುಖಿ,” ಎಂದ ಪುರುಷೋತ್ತಮ. “ನಿನ್ನ ದೋಣಿಗೆ ಕಟ್ಟಿದ್ರೆ ಆತು. ನೀರೇ ಹತ್ರ ಬರದಿದ್ರೆ ತೂತಿದ್ರೆಂತ, ಇಲ್ದಿದ್ರೆಂತ?”

“ಅಣ್ಣ, ಹೋದ್ಸಲ ನೀ ಮಾಡಿದ ಕಾಯಿ ಸುಲಿಯೂ ಮಿಷನ್ನು ನಮ್ಮನೆ ಬಾಗ್ಲನ್ನೂ ಸುಲ್ದಿತ್ತು,” ಎಂದಳು ವಾಮನನ ಹೆಂಡತಿ ಶೇವಂತಿ.

“ಬಾಗ್ಲು ತೆಂಗಿನ ಮರದ್ದು. ಮಿಷನ್ನಿಗೆಂತ ಗೊತ್ತು?”

ಪ್ರವಾಸಿಗರನ್ನು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ನಡುವೆ ಸುತ್ತಾಡಿಸುವ ಮರದ ದೋಣಿ ವಾಮನನದು. ಮಳೆಗಾಲ ಕಳೆದು, ಇಂಜಿನ್ ಸರಿಮಾಡಿಸಿ, ಬಣ್ಣ ಹೊಡೆಸಿ, ಇನ್ನು ದುಡಿಮೆ ಶುರು ಎನ್ನುವಾಗ ತಳದಲ್ಲಿ ನೀರು ಜಿನುಗಿತ್ತು. ಗಜಾನನ ಆಚಾರಿ ಬಂದು ಬಡಿದು ನೋಡಿ, ತಳದ ಹಲಗೆಗಳು ಕೊಳೆತಿವೆ, ದೋಣಿಯನ್ನು ದಡಕ್ಕೆ ಎತ್ತಿಸಲೇಬೇಕು ಎಂದಿದ್ದ. ಎತ್ತಿಸಲು ಕ್ರೇನ್ ಬೇಕು, ವಾಮನನ ಕೈ ಖಾಲಿ. ಭಾನುವಾರ ಒಂದು ಮದುವೆ ದಿಬ್ಬಣ ಆಚೆ ದಡಕ್ಕೆ ಹೋಗುವುದಿತ್ತು. ಅದೂ ತಪ್ಪಿದರೆ ದೋಣಿಯನ್ನೇ ಮಾರಿಬಿಡುವುದೆಂದು ಅವನು ಒಳಗೊಳಗೇ ತೀರ್ಮಾನಿಸಿದ್ದ.

ಪೆಟ್ಟಿಗೆಯನ್ನು ದೋಣಿಯ ತಳಕ್ಕೆ ಒಳಗಿನಿಂದ ಬಿಗಿದು ವಾಮನ, ಪುರುಷೋತ್ತಮ ಇಬ್ಬರೂ ಅದರಲ್ಲಿ ದಡದಿಂದ ತುಸು ದೂರ ಹೋದರು. ಗುಂಡಿ ತಿರುಗಿಸಿದ್ದೇ ತಡ, ಒಳಗೆ ನಿಂತಿದ್ದ ನೀರು ಬಂದ ಬಿರುಕಿನಲ್ಲೇ ಹೊರಗೆ ಓಡಿತು. ಪುರುಷೋತ್ತಮ ಮೀಸೆ ತಿರುವಿದ.

“ಭಾವ,” ಎಂದ ವಾಮನ. “ದಡ ಮೇಲೆ ಹೋಗ್ತಾ ಉಂಟಲ್ಲ?”

ಮೇಲೆ ಹೋಗುತ್ತಿದ್ದದ್ದು ದಡವಲ್ಲ. ದೋಣಿಯ ಕೆಳಗಿನ ನೀರೆಲ್ಲ ದೂರ ಸರಿದು, ದೋಣಿ ಒಂದು ಹನಿಯೂ ಸೋಕದೆ ಮೆಲ್ಲಗೆ ಇಳಿಯುತ್ತಿತ್ತು. ಕೊನೆಗೆ ಹೊಳೆಯ ತಳದ ಮರಳಿನ ಮೇಲೆ ಕುಳಿತಿತು.

ವಾಮನ ಕತ್ತೆತ್ತಿದ. ನಾಲ್ಕೂ ಕಡೆ ನೀರಿನ ಗೋಡೆ. ಅದರೊಳಗೆ ಹಸಿರು ಬೆಳಕು. ಅವನ ಮುಖದ ಮಟ್ಟದಲ್ಲಿ ಒಂದು ಚಪ್ಪಟೆ ತೊರಕೆ ಮೀನು ಹಾಸಿದ ಕಂಬಳಿಯಂತೆ ತೇಲಿಹೋಯಿತು. ಬೆಳ್ಳಿಯಂಥ ಮೀನಿನ ಹಿಂಡೊಂದು ಗೋಡೆಯ ಅಂಚಿಗೆ ಬಂದು, ಅವನನ್ನು ನೋಡಿ, ಒಟ್ಟಿಗೇ ತಿರುಗಿತು. ಹುಟ್ಟಿದಾರಭ್ಯ ಇದೇ ಹೊಳೆಯ ಮೇಲೆ ಓಡಾಡಿದವನಿಗೆ ತಾನು ಇಷ್ಟು ದಿನ ಯಾರದೋ ಮನೆಯ ಮಾಡಿನ ಮೇಲೆ ನಡೆದಾಡುತ್ತಿದ್ದೆ ಅನ್ನಿಸಿತು. ಕಣ್ಣು ತುಂಬಿ ಬಂತು.

“ಬಂದ್ ಮಾಡ್ಲಾ?” ಎಂದ ಪುರುಷೋತ್ತಮ.

“ಮಾಡಿದ್ರೆ ಇದೆಲ್ಲ ತಲೆ ಮೇಲೆ ಬೀಳ್ತದೆ ಭಾವ.”

“ಹಾಗಾದ್ರೆ ಸ್ವಲ್ಪ ಕಮ್ಮಿ ಮಾಡುವ.” ಗಡಿಬಿಡಿಯಲ್ಲಿ ಅವನು ಗುಂಡಿಯನ್ನು ಜಾಸ್ತಿಯ ಕಡೆಗೇ ತಿರುಗಿಸಿದ. ದಡದ ದಿಕ್ಕಿನ ಗೋಡೆ ಸೀಳಿಕೊಂಡು ಒಣ ಮರಳಿನ ಹಾದಿಯೊಂದು ತೆರೆಯಿತು. ಹೊಳೆಯಂಚಿನಲ್ಲಿ ಜನ ಸೇರಿದ್ದರು. ಶೇವಂತಿ ಸೆರಗು ಸಿಕ್ಕಿಸಿ ಆ ಹಾದಿಯಲ್ಲಿ ಇಳಿದು ಬಂದಳು. ಅರ್ಧದಲ್ಲಿ ನಿಂತು ನೀರಿನ ಗೋಡೆಗೆ ಅಂಗೈಯೊತ್ತಿ ನೋಡಿದಳು. ಒಂದು ಏಡಿ ಒಳಗಿನಿಂದ ಅದೇ ಜಾಗಕ್ಕೆ ಇಕ್ಕುಳದಂಥ ಕೊಂಬು ಒತ್ತಿತು.

ಅವಳ ಹಿಂದೆ ಗಜಾನನ ಆಚಾರಿ. ಹೆಗಲ ಮೇಲೆ ಹಲಗೆ, ಕೈಯಲ್ಲಿ ಉಳಿ, ಕೊಡತಿ.

“ಕ್ರೇನಿನ ಖರ್ಚು ಉಳೀತಲ್ರೀ,” ಎಂದಳು ಶೇವಂತಿ ಗಂಡನಿಗೆ. “ಹಲಗೆ ದುಡ್ಡು ದಿಬ್ಬಣ ಆದ್ಮೇಲೆ ಕೊಡ್ತೇವೆ ಅಂದೆ. ಒಪ್ಪಿದ್ರು.”

ಆಚಾರಿ ಕೆಲಸಕ್ಕೆ ಕುಳಿತ. ಊರವರು ಬುಟ್ಟಿ ತಂದು ಮರಳಿನಲ್ಲಿ ಬಳಚು ಚಿಪ್ಪುಮೀನು ಹೆಕ್ಕತೊಡಗಿದರು. ಕೊಡತಿಯ ಪ್ರತಿ ಏಟಿಗೂ ನೀರಿನ ಗೋಡೆ ಸಣ್ಣಗೆ ನಡುಗುತ್ತಿತ್ತು. ಜನ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು, ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ.

ಹೊತ್ತು ಇಳಿಯುವಾಗ ಎಲ್ಲರನ್ನೂ ದಡಕ್ಕೆ ಕಳಿಸಿ, ಗುಂಡಿಯನ್ನು ಕಮ್ಮಿಯ ಕಡೆಗೆ ಕೂದಲೆಳೆಯಷ್ಟೇ ತಿರುಗಿಸುತ್ತ ದೋಣಿಯನ್ನು ಮೇಲೆತ್ತಿದರು. ಪೆಟ್ಟಿಗೆ ಬಿಚ್ಚಿ ತೆಗೆದ ಮೇಲೂ ನೀರು ದೋಣಿಯನ್ನು ಮುಟ್ಟಲಿಲ್ಲ. ಸುತ್ತಲೂ ಒಂದು ಗೇಣು ಸಂದು ಬಿಟ್ಟು, ಬೊಗಸೆಯಲ್ಲಿ ಹಿಡಿದಂತೆ ಹಿಡಿದುಕೊಂಡಿತು.

“ಹೊಸ ಹಲಗೆ ಶಕ್ತಿ ಹೀರಿಕೊಂಡದೆ,” ಎಂದ ಪುರುಷೋತ್ತಮ. ಅವನ ದನಿಯೂ ತಗ್ಗಿತ್ತು.

ಭಾನುವಾರ ದಿಬ್ಬಣ ಹತ್ತಿತು. ವಾಮನ ಬಿದಿರಿನ ಗಳದಿಂದ ಒಮ್ಮೆ ತಳ್ಳಿದ, ಅಷ್ಟೆ. ಸದ್ದಿಲ್ಲ, ಅಲೆಯಿಲ್ಲ, ಅಲುಗಾಟವಿಲ್ಲ. ಓಲಗದವರು ಊದುವುದನ್ನು ಮರೆತರು. ದೋಣಿ ಆಚೆ ದಡವನ್ನು ತಲುಪಿತು, ಅಲ್ಲಿ ಆರತಿ ಹಿಡಿದು ಕಾಯುತ್ತಿದ್ದ ಬೀಗರ ಮುಂದೆ ಹಾದುಹೋಯಿತು, ನಿಲ್ಲಲಿಲ್ಲ. ಹಿಡಿದು ನಿಲ್ಲಿಸಲು ನೀರು ಮುಟ್ಟಿದರೆ ತಾನೆ? ಹೊಳೆ ನಡುವಿನ ಕುದುರಿಗೆ ಸುತ್ತುಹಾಕಿ ಮತ್ತೆ ಬೀಗರ ಮುಂದೆ ಬಂತು, ಮತ್ತೆ ಹೋಯಿತು. ಮದುಮಗ ಮಾತ್ರ ಬಾಯಿ ತೆರೆದುಕೊಂಡು ನೀರನ್ನೇ ನೋಡುತ್ತಿದ್ದ. ಮುಹೂರ್ತಕ್ಕೆ ತುಸು ಮುಂಚೆ ದೋಣಿ ಕುದುರಿನ ಮರಳು ಹತ್ತಿ ತಾನಾಗಿ ನಿಂತಿತು. ಬೀಗರು ಬೇರೆ ದೋಣಿ ತಂದು ದಿಬ್ಬಣವನ್ನು ದಡ ಸೇರಿಸಿದರು.

ಸುದ್ದಿ ತಿಳಿದು ಗಜಾನನ ಆಚಾರಿ ಬಂದ. ದೋಣಿಯ ಸುತ್ತ ಒಂದು ಸುತ್ತು ಬಂದು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದ.

“ಹಲಗೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಕೊಳೆಯೂದಿಲ್ಲ ವಾಮನ. ಬ್ರೇಕ್ ಮಾತ್ರ ಕೂರಿಸ್ಬೇಕು. ಅದು ಬೇರೆ ಖರ್ಚು.”